ಕಂಡಕ್ಟರನ ಲೈನು

ನನ್ನ ಭಾವನನ್ನು ತರಕಾರಿ ಮಾರ್ಕೆಟ್ಟಿನವರೆಲ್ಲ ಮೈಕು ಎಂದೇ ಕರೆಯುತ್ತಿದ್ದರು. ಬೆಳಗಿನ ಹರಾಜು ಕೂಗುವುದು ಅವರ ಕೆಲಸ. ಲಾರಿಗಳ ಹಾರ್ನು, ಮೂಟೆ ಹೊರುವವರ ಬೈಗುಳ, ಕೊಳ್ಳುವವರ ಗಲಾಟೆ, ಇವೆಲ್ಲದರ ಹೆಗಲ ಮೇಲೆ ಹತ್ತಿ ಕೂತು ಟೊಮೇಟೊ ರೇಟು ಏರಿಸುತ್ತಿದ್ದ ಆ ದನಿ ಗೇಟಿನಾಚೆ ಚಹಾ ಕುಡಿಯುತ್ತಿದ್ದವರಿಗೂ ಕೇಳುತ್ತಿತ್ತು. ಮನೆಯಲ್ಲಿ ಅಕ್ಕನ ಕಿವಿಯಲ್ಲಿ ಏನಾದರೂ ಗುಟ್ಟು ಹೇಳಿದರೆ ಪಕ್ಕದ ಮನೆಯವರು ಕಿಟಕಿಯಿಂದಲೇ "ನಮಗೂ ಗೊತ್ತಾಯ್ತು ಬಿಡಿ" ಎಂದು ನಗುತ್ತಿದ್ದರು.

ಅದೇ ಗಂಟಲಲ್ಲಿ ಗಂಟು ಬೆಳೆಯಿತು. ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಉಸಿರಾಡಲು ಕುತ್ತಿಗೆಯ ಬುಡದಲ್ಲಿ ಒಂದು ತೂತು ಮಾಡಿ, ಜೀವ ಉಳಿಸಿಕೊಟ್ಟು ಮನೆಗೆ ಕಳಿಸಿದರು. ಜೊತೆಗೆ, ಗಂಟಲಿಗೆ ಒತ್ತಿ ಹಿಡಿದು ಮಾತಾಡುವ ಬ್ಯಾಟರಿ ಯಂತ್ರವೊಂದನ್ನೂ ಕೊಟ್ಟಿದ್ದರು. ಬಾಯಿ ಆಡಿಸಿದರೆ ಅದು ಡಬ್ಬದೊಳಗಿನ ದುಂಬಿಯ ಹಾಗೆ ಗುಯ್‌ಗುಟ್ಟಿ ಮಾತು ಹೊರಡಿಸುತ್ತಿತ್ತು. ಭಾವ ಅದನ್ನು ಹೊರಗೆ ಬಳಸಿದ್ದು ಒಂದೇ ಸಲ, ಬೀದಿ ಕೊನೆಯ ಅಂಗಡಿಯಲ್ಲಿ. ಅಲ್ಲಿದ್ದ ಒಂದು ಮಗು ಹೆದರಿ ತಾಯಿಯ ಸೆರಗಿನೊಳಗೆ ಮುಖ ಹುದುಗಿಸಿಕೊಂಡಿತು. ಭಾವ ಮನೆಗೆ ಬಂದು ಯಂತ್ರವನ್ನು ಬೀರುವಿನೊಳಗೆ ತಳ್ಳಿ ಬಾಗಿಲು ಹಾಕಿಬಿಟ್ಟರು.

ಅವತ್ತಿನಿಂದ ಆ ಮನೆಯಲ್ಲಿ ಯಾವ ಯಂತ್ರವೂ ಕೂಗಬಾರದು ಎಂದಾಯಿತು. ಬಾಗಿಲ ಗಂಟೆಯ ವೈರು ಕಿತ್ತರು. ಅಲಾರಾಮು ಮೂಲೆ ಸೇರಿತು. ಫೋನಿನ ಗಂಟೆ ಬಿಚ್ಚಿಸಿ, ಅದರ ಜಾಗದಲ್ಲಿ ನನ್ನ ಕೈಯಲ್ಲೇ ಒಂದು ಸಣ್ಣ ಬಲ್ಬು ಹಾಕಿಸಿದರು. ರೇಡಿಯೊ, ಟೀವಿ ರಿಪೇರಿ ನನ್ನ ಕಸುಬು, ಯಾರ ಹತ್ತಿರವೂ ಕಲಿತದ್ದಲ್ಲ, ಬಿಚ್ಚಿ ಬಿಚ್ಚಿ ಬಂದದ್ದು. ಮಾತಿರುವ ಪೆಟ್ಟಿಗೆಗಳ ಬಾಯಿ ತೆರೆಸುವುದೇ ನನ್ನ ಹೊಟ್ಟೆಪಾಡು. ಭಾವನ ಮನೆಯಲ್ಲಿ ಮಾತ್ರ ಒಂದೊಂದರ ಬಾಯಿಯನ್ನೂ ಮುಚ್ಚಿ ಬಂದೆ.

ಭಾವ ಊಟ ಬಿಟ್ಟರು. ಸ್ಲೇಟಿನ ಮೇಲೆ ಬರೆದು ಮಾತಾಡಿ ಎಂದು ಅಕ್ಕ ಸ್ಲೇಟು ತಂದುಕೊಟ್ಟರೆ ಅದರ ಮೇಲೆ 'ಸಾಕು' 'ಬೇಡ' ಇವೆರಡು ಬಿಟ್ಟು ಇನ್ನೊಂದು ಪದ ಹತ್ತಲಿಲ್ಲ. ಆಸ್ಪತ್ರೆಯಲ್ಲಿ ಮಾತು ಹೋದವರಿಗೆ ತರಬೇತಿ ಕೊಡುವ ಟೀಚರಮ್ಮ ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು ಒಂದು ಫೋನ್ ನಂಬರು ಕೊಟ್ಟರು.

"ಇವರ ಹಾಗೇ ಮಾತು ಹೋದ ಒಬ್ಬರು, ಮೊದಲು ಬಸ್ ಕಂಡಕ್ಟರ್ ಆಗಿದ್ರು, ಮನೇಲಿ ಒಂದು ಕಂಪ್ಯೂಟರ್ ಇಟ್ಕೊಂಡು ಬುಲೆಟಿನ್ ಬೋರ್ಡ್ ನಡೆಸ್ತಾರೆ. ಕಂಪ್ಯೂಟರನ್ನ ಫೋನ್ ಲೈನಿಗೆ ಸೇರಿಸೋ ಮೋಡೆಮ್ ಇದ್ರೆ ಆ ನಂಬರಿಗೆ ಡಯಲ್ ಮಾಡಿ ಒಳಗೆ ಹೋಗಬಹುದು. ಟೈಪ್ ಮಾಡಿ ಮಾತಾಡೋದು. ನಿಮ್ಮ ಭಾವನಿಗೆ ಹೇಳಿ ನೋಡಿ."

ಗುಜರಿಯಿಂದ ಒಂದು ಕಂಪ್ಯೂಟರು, ಯಾರೋ ಬೇಡವೆಂದು ಬಿಸಾಕಿದ ಮೋಡೆಮ್ಮು ಸೇರಿಸಿ ಕೂರಿಸಿದೆ. ಮೊದಲ ಸಲ ಡಯಲ್ ಮಾಡಿದಾಗ ಮೋಡೆಮ್ಮು ಕಿರ್ರ್ ಕೀಂಯ್ ಎಂದು ಕಿರುಚಿತಲ್ಲ, ಭಾವ ಎದ್ದು ಹೊರಗೆ ನಡೆದರು. ಮರುದಿನ ನಾನು ಹೋಗುವಷ್ಟರಲ್ಲಿ ಮೋಡೆಮ್ಮಿನ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಎರಡು ಬೆರಳಲ್ಲಿ ಕುಟ್ಟಿ, ಅದರ ಸ್ಪೀಕರನ್ನು ಮುಚ್ಚುವ ಆಜ್ಞೆ ತಾವೇ ಹುಡುಕಿ ಹಾಕಿದ್ದರು. ಎಮ್ ಸೊನ್ನೆ ಎಂದು. ಹಾಕಿದ್ದಷ್ಟೇ ಅಲ್ಲ, ಪ್ರತಿ ಸಲ ಹೇಳುವ ಕಷ್ಟ ಬೇಡವೆಂದು ಅದನ್ನು ಮೋಡೆಮ್ಮಿನ ಸ್ವಂತ ನೆನಪಿನಲ್ಲೂ ಬರೆಸಿಟ್ಟಿದ್ದರು. ಅಲ್ಲಿಂದ ಮುಂದೆ ನಮ್ಮ ಮೋಡೆಮ್ಮು ತುಟಿ ಪಿಟಕ್ ಎನ್ನದೆ ಕೆಲಸ ಮಾಡಿತು.

ಆ ಕಡೆಯಿಂದ ಮೊದಲು ಮೂಡಿದ ಸಾಲುಗಳನ್ನು ಅಕ್ಕ ಇವತ್ತಿಗೂ ಬಾಯಿಪಾಠ ಒಪ್ಪಿಸುತ್ತಾಳೆ. "ಹತ್ತಿ, ಹತ್ತಿ, ಮುಂದೆ ಹೋಗಿ. ಈ ಬಸ್ಸಿಗೆ ಬಾಯಿ ಇರೋರನ್ನ ಹತ್ತಿಸೋಲ್ಲ. ಫೋನೆತ್ತಿ ಹಲೋ ಅನ್ನೋರಿಗೆ ಟಿಕೆಟ್ ಇಲ್ಲ." ಅದು ಕಂಡಕ್ಟರನ ಕಾನೂನು. ಆ ನಂಬರಿಗೆ ಯಾರೂ ದನಿಯಲ್ಲಿ ಫೋನು ಮಾಡುವ ಹಾಗಿಲ್ಲ. ಬೇರೆಯವರ ಕೈಯಲ್ಲಿ ಮಾತಾಡಿಸುವ ಹಾಗೂ ಇಲ್ಲ. ನಮ್ಮ ಮಾತನ್ನು ನಾವೇ ಆಡಬೇಕು. ಆ ಬೋರ್ಡಿಗೆ ಬರುತ್ತಿದ್ದ ನಾಲ್ಕಾರು ಮಂದಿಗೂ ಇದು ಆಣೆಯ ಹಾಗಿತ್ತು, ಭಾವನಿಗಂತೂ ಉಸಿರಿನ ಹಾಗೆ.

ದಿನಾ ಮಧ್ಯಾಹ್ನ ಭಾವ ಡಯಲ್ ಮಾಡುವ ಹೊತ್ತಿಗೆ ಕಂಡಕ್ಟರು ತನ್ನ ಯಂತ್ರದ ಮುಂದೆ ಕೂತಿರುತ್ತಿದ್ದ. ಇಬ್ಬರೂ ಕುಟ್ಟಿದ್ದೇ ಕುಟ್ಟಿದ್ದು.

"ಏನ್ರೀ ಮೈಕು, ಇವತ್ತು ರೇಟು ಎಷ್ಟು?"

"ನಿನ್ನಂಥ ಕೊಳೆತ ಸರಕಿಗೆ ಯಾರಯ್ಯ ರೇಟು ಕಟ್ತಾರೆ?"

"ಚಿಲ್ಲರೆ ಕೊಡಿ ಸ್ವಾಮಿ, ಚಿಲ್ಲರೆ ಕೊಡಿ."

ಭಾವನ ಹೆಗಲು ಕುಲುಕುವುದು ನೋಡಿ ಅಕ್ಕನಿಗೆ ಗೊತ್ತಾಗುತ್ತಿತ್ತು, ನಗುತ್ತಿದ್ದಾರೆ ಎಂದು. ಆಮೇಲೆ ತಾವೇ ಎದ್ದು ಬಂದು ತಟ್ಟೆಯ ಮುಂದೆ ಕೂರುತ್ತಿದ್ದರು. ಕಂಡಕ್ಟರನ ಮುಖ ನಾವ್ಯಾರೂ ನೋಡಿರಲಿಲ್ಲ. ಆದರೂ ಅಕ್ಕ ಅಡುಗೆಮನೆಯಿಂದ "ನಿಮ್ಮಣ್ಣನಿಗೆ ನಾನೂ ಕೇಳ್ದೆ ಅಂತ ಹೇಳಿ" ಎಂದು ಕೂಗುತ್ತಿದ್ದಳು.

ಒಂದು ವರ್ಷ ಹೀಗೆ ನಡೆಯಿತು. ಆಮೇಲೆ ದವಡೆಯ ಕೆಳಗೆ ಮತ್ತೆ ಒಂದು ಊತ ಕಾಣಿಸಿಕೊಂಡಿತು. ಡಾಕ್ಟರು ಕರೆಂಟು, ಅಂದರೆ ರೇಡಿಯೇಶನ್, ಕೊಡಿಸಬೇಕು, ತಡ ಮಾಡಿದರೆ ಆಗುವುದಿಲ್ಲ ಎಂದರು. ಭಾವನಿಗೆ ಕರೆಂಟೆಂದರೆ ಭಯ. ಮಾರ್ಕೆಟ್ಟಿನಲ್ಲಿ ಒಬ್ಬ ಅದರಿಂದ ಒಣಗಿಹೋದದ್ದನ್ನು ಕಣ್ಣಾರೆ ಕಂಡಿದ್ದರು. ಕಂಡಕ್ಟರನಿಗೆ ಬರೆದರು. ಅವನಿಂದ ಉತ್ತರ ಬಂತು: "ಹೆದರಿಕೋಬೇಡ ಕಣಯ್ಯ. ನಾನೂ ತಗೊಂಡೆ. ತಗೊಂಡು ಇಲ್ಲಿ ಕೂತು ನಿನ್ನ ಜೊತೆ ಜಗಳ ಆಡ್ತಾ ಇಲ್ವಾ? ಟೆಸ್ಟು ಮುಗಿಸ್ಕೊಂಡು ಬಾ. ಒಂದೊಂದಾಗಿ ಎಲ್ಲಾ ಹೇಳಿಕೊಡ್ತೀನಿ."

ಭಾವ ಟೆಸ್ಟಿಗೆಂದು ಆಸ್ಪತ್ರೆ ಸೇರಿ ಎರಡು ವಾರಕ್ಕೂ ಹೆಚ್ಚು ಅಲ್ಲೇ ಉಳಿದರು. ಅಷ್ಟರೊಳಗೆ ನಾನು ಅವರ ಕಂಪ್ಯೂಟರಿನ ಹಳೆಯ ಸೀರಿಯಲ್ ಪೋರ್ಟಿನ ಕಾರ್ಡು ತೆಗೆದು ಬೇರೊಂದು ಹಾಕಿದೆ. ಅಕ್ಷರಗಳು ಇನ್ನಷ್ಟು ಚುರುಕಾಗಿ ಬರಲಿ, ಬಂದಾಗ ಖುಷಿಯಾಗಲಿ ಎಂದು. ಅವರು ಬಂದರು, ಚಪ್ಪಲಿ ಬಿಚ್ಚುವ ಮೊದಲೇ ಡಯಲ್ ಮಾಡಿದರು. ಒಂದು ನಿಮಿಷದ ಹತ್ತಿರ ಪರದೆ ಸುಮ್ಮನಿತ್ತು. ಆಮೇಲೆ ಮೂಡಿತು: ನೋ ಕ್ಯಾರಿಯರ್. ಆ ಕಡೆಯ ಮೋಡೆಮ್ಮಿನ ಸದ್ದು ಸಿಗಲಿಲ್ಲ ಎಂದು ಅದರ ಅರ್ಥ.

ಮತ್ತೆ ಮಾಡಿದರು. ಮತ್ತದೇ. ಭಾವ ಸ್ಲೇಟು ತೆಗೆದುಕೊಂಡು ನನ್ನ ಮುಖಕ್ಕೆ ಹಿಡಿದರು. 'ಏನಯ್ಯ ಮೆಕ್ಯಾನಿಕ್ಕು, ಏನು ಕಿತಾಪತಿ ಮಾಡಿದೆ?'

"ಪೋರ್ಟಿನ ಸ್ಪೀಡು ಜಾಸ್ತಿ ಆಗಿರಬೇಕು ಭಾವ. ಈಗಲೇ ಇಳಿಸ್ತೀನಿ."

ಅಕ್ಕನಿಗೆ ನಾನು ಬಿಡಿಸಿ ಹೇಳಿದೆ. ಮೋಡೆಮ್ಮು ಫೋನ್ ಲೈನಿನ ಮೇಲೆ ಓಡುವ ವೇಗ ಬೇರೆ, ಕಂಪ್ಯೂಟರಿನಿಂದ ಮೋಡೆಮ್ಮಿಗೆ ಬರುವ ಸಣ್ಣ ದಾರಿಯ ವೇಗ ಬೇರೆ. ಈ ಸಣ್ಣ ದಾರಿಯಲ್ಲಿ ವಿಪರೀತ ಜೋರು ಮಾಡಿದರೆ ಕಾರ್ಡಿನ ಚಿಪ್ಪು ಕೈ ಸೋತು ಅಕ್ಷರ ಉದುರಿಸುತ್ತದೆ. ಅಕ್ಕ ಏನೂ ತಿಳಿಯದೆ ತಲೆಯಾಡಿಸಿದಳು. ಭಾವ ಬರೆದರು: 'ಲಾರಿ ಮೇಲಿಂದ ಮೂಟೆ ಎಸೆಯೋನು ಒಬ್ಬ, ಕೆಳಗೆ ಹಿಡಿಯೋನು ಒಬ್ಬ. ಎಸೆಯೋನು ಹುಚ್ಚನಾದ್ರೆ ಹಿಡಿಯೋನ ಸೊಂಟ ಮುರಿಯುತ್ತೆ.'

"ಅಷ್ಟೇನಾ? ಹಾಗಿದ್ರೆ ಎಸೆಯೋನ ಕೆನ್ನೆಗೆ ಎರಡು ಬಿಡೋ, ನಿಧಾನ ಮಾಡ್ತಾನೆ" ಎಂದಳು ಅಕ್ಕ.

ಪೋರ್ಟಿನ ವೇಗವನ್ನು ಸೆಕೆಂಡಿಗೆ ಒಂದು ಲಕ್ಷ ಚಿಲ್ಲರೆ ಬಿಟ್ಟುಗಳಿಂದ ಐವತ್ತೇಳು ಸಾವಿರಕ್ಕೆ, ಅಲ್ಲಿಂದ ಹತ್ತೊಂಬತ್ತು ಸಾವಿರಕ್ಕೆ, ಕೊನೆಗೆ ಒಂಬತ್ತು ಸಾವಿರದ ಆರುನೂರಕ್ಕೆ ಇಳಿಸಿದೆ. ನೋ ಕ್ಯಾರಿಯರ್. ಅದಕ್ಕಿಂತ ಕೆಳಗೆ ಇಳಿಸಿದರೆ ಅಂಚೆಯಲ್ಲಿ ಬರೆಯುವುದೇ ವಾಸಿ.

ಮರುದಿನ ಬಂದು ಮೌಸಿನ ಮೇಲೆ ಅನುಮಾನ ಪಟ್ಟೆ. ಹೊಸ ಕಾರ್ಡೂ ಮೌಸೂ ಒಂದೇ ಜಾಗಕ್ಕೆ ಕಿತ್ತಾಡುತ್ತಿದ್ದರೆ ಹೀಗಾಗಬಹುದು. ಮೌಸು ಕಿತ್ತೆ. ಅದೇ ಕಥೆ. ಹಳೆಯ ಕಾರ್ಡನ್ನೇ ಮತ್ತೆ ಹಾಕಿದೆ. ಅದೇ ಕಥೆ. ಕೇಬಲ್ ಬದಲಾಯಿಸಿದೆ. ಮೋಡೆಮ್ಮು ಡಯಲ್ಲೇ ಮಾಡುತ್ತಿಲ್ಲವೋ ಏನೋ ಎಂದು ನನ್ನ ಅಂಗಡಿಯ ನಂಬರು ಹಾಕಿ ನೋಡಿದೆ. ಸಂಜೆ ಅಂಗಡಿಗೆ ಹೋದರೆ ಪಕ್ಕದ ಟೈಲರು ಕತ್ತರಿ ಹಿಡಿದುಕೊಂಡೇ ಬಂದ.

"ಯಾವನೋ ನಿನ್ನ ಫೋನಿಗೆ ಮಾಡಿ ಬಾಯೇ ಬಿಡಲಿಲ್ಲ ಮಾರಾಯ. ಬರೀ ಪೀಂ ಪೀಂ ಅಂತ ಸದ್ದು. ಚೆನ್ನಾಗಿ ಉಗಿದೆ."

"ನನ್ನ ಭಾವನ ಮೋಡೆಮ್ಮು ಕಣೋ ಅದು."

"ಅಯ್ಯೋ, ತಪ್ಪಾಯ್ತು ಅಂತ ಹೇಳಪ್ಪ ಅದಕ್ಕೆ."

ಡಯಲ್ ಆಗುತ್ತಿದೆ ಎಂದು ನನಗೆ ಖುಷಿಯೇ ಆಯಿತು. ಕಂಡಕ್ಟರನ ಮನೆಯಲ್ಲೂ ಫೋನು ಗಂಟೆ ಬಾರಿಸುತ್ತಿರಬೇಕು. ಹಾಗಾದರೆ ತೊಂದರೆ ಇರುವುದು ಎರಡು ಮೋಡೆಮ್ಮುಗಳು ಕೈಕುಲುಕುವ ಹಂತದಲ್ಲಿ. ಅಂದರೆ ಡಯಲ್ ಮಾಡುವ ಮುಂಚೆ ಮೋಡೆಮ್ಮಿಗೆ ಹೀಗೆ ನಡೆದುಕೋ, ಹಾಗೆ ನಡೆದುಕೋ ಎಂದು ಕೊಡುವ ಆಜ್ಞೆಗಳ ಸಾಲಿನಲ್ಲಿ. ಆ ಸಾಲನ್ನು ನಾನು ತಿದ್ದಿದ್ದು ಒಂದೆರಡು ಸಲವಲ್ಲ. ಡಯಲ್ ಟೋನಿಗೆ ಕಾಯಬೇಡ ಎಂದೆ. ಆ ಕಡೆಯ ಸದ್ದಿಗೆ ಇನ್ನೂ ಸ್ವಲ್ಪ ಕಾಯಿ ಎಂದೆ. ದೋಷ ತಿದ್ದುವುದು ಬೇಡ, ಅಕ್ಷರಗಳನ್ನು ಕುಗ್ಗಿಸಿ ಕಳಿಸುವುದು ಬೇಡ, ಕಡಿಮೆ ವೇಗದಲ್ಲಾದರೂ ಹಿಡಿ ಎಂದೆ. ನಮ್ಮ ಪ್ರೋಗ್ರಾಮು ಮಾತ್ರ ಪ್ರತಿ ಸಲವೂ ಮೊದಲು "ನಿನ್ನ ನೆನಪಿನಲ್ಲಿರೋದನ್ನ ಹೊರಗೆ ತೆಗಿ" ಎಂದು ಹೇಳಿಯೇ ಶುರು ಮಾಡುತ್ತಿತ್ತು. ಮೋಡೆಮ್ಮು ತನ್ನ ಹಳೆಯ ಅಭ್ಯಾಸಗಳನ್ನೆಲ್ಲ ಮತ್ತೆ ಹೊತ್ತುಕೊಂಡೇ ಏಳುತ್ತಿತ್ತು, ಬಾಯಿ ಮುಚ್ಚಿಕೊಳ್ಳುವುದೂ ಸೇರಿ. ಅದರತ್ತ ನನ್ನ ಗಮನವೇ ಹೋಗಲಿಲ್ಲ. ಆ ಮನೆಯಲ್ಲಿ ಸದ್ದಿಲ್ಲದಿರುವುದು ಗೋಡೆಗೆ ಸುಣ್ಣ ಇದ್ದ ಹಾಗೆ.

ಕರೆಂಟಿಗೆ ಆಸ್ಪತ್ರೆಯವರು ಕೊಟ್ಟ ದಿನ ಹತ್ತಿರ ಬಂತು. ಅಕ್ಕ ಬೇಡಿಕೊಂಡಳು.

"ಅವರು ತಗೊಂಡಿದಾರಲ್ರೀ, ಚೆನ್ನಾಗಿದಾರಲ್ರೀ. ಅಷ್ಟು ಗೊತ್ತಿದ್ರೆ ಸಾಲದಾ? ಹೋಗಿ ಮಲಕ್ಕೊಂಡ್ಬಿಡಿ, ಅವರು ಮಾಡ್ತಾರೆ."

ಭಾವ ಬರೆದರು: 'ಕಂಡಕ್ಟರನ್ನ ಕೇಳದೆ ಬರೋಲ್ಲ. ಡಾಕ್ಟರಿಗೆ ಗಂಟಲಿದೆ. ಅವನಿಗಿಲ್ಲ. ಅವನು ಹೇಳಲಿ.'

"ಹಾಗಾದ್ರೆ ಒಂದ್ಸಲ ಫೋನೆತ್ತಿ ನಾನೇ ಕೇಳ್ತೀನಿ. ಮನೇಲಿ ಯಾರಾದ್ರೂ ಇರ್ತಾರಲ್ಲ."

ಸ್ಲೇಟಿನ ಮೇಲೆ ಬಳಪ ಮುರಿಯುವ ಹಾಗೆ ಬರೆದರು. 'ಅಲ್ಲಿ ಯಾರೂ ಬಾಯಲ್ಲಿ ಮಾತಾಡೋಲ್ಲ.'

ಅಡುಗೆಮನೆಯಲ್ಲಿ ಅಕ್ಕನಿಗೆ ನಾನು ಮೆಲ್ಲಗೆ ಹೇಳಿದೆ, ಅಂಗಡಿಯಿಂದ ನಾನೇ ಕದ್ದು ಮಾಡಲೇ ಎಂದು. ಅಕ್ಕ ಬೇಡ ಎಂದಳು. ಹಿಂದೊಮ್ಮೆ ಆಸ್ಪತ್ರೆಯಲ್ಲಿ ಅವಳೇ ಭಾವನ ಪರವಾಗಿ ಡಾಕ್ಟರಿಗೆ ಉತ್ತರ ಹೇಳಿದ್ದಕ್ಕೆ ಅವರು ಸ್ಲೇಟನ್ನು ನೆಲಕ್ಕೆ ಕುಕ್ಕಿ ಒಡೆದಿದ್ದರು. "ಗೊತ್ತಾದ್ರೆ ನಮ್ಮ ಜೊತೆ ಬರೆಯೋದನ್ನೂ ಬಿಟ್ಬಿಡ್ತಾರೆ ಕಣೋ. ನೀನೇ ಹೇಗಾದ್ರೂ ಸರಿ ಮಾಡು. ನಿನಗೆ ಕೈ ಮುಗೀತೀನಿ. ಹೆಂಗಾದ್ರೂ ಒಂದ್ಸಲ ಅವನ ಜೊತೆ ಸೇರಿಸ್ಬಿಡು, ಇವರು ಬಂದು ಕಾರು ಹತ್ತುತ್ತಾರೆ."

ಅಕ್ಕ ಹೀಗೆ ನನ್ನ ಹತ್ತಿರ ಏನನ್ನೂ ಕೇಳಿದವಳಲ್ಲ.

ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಮಧ್ಯಾಹ್ನ. ಇನ್ನು ಉಳಿದದ್ದು ಒಂದೇ ದಾರಿ. ಮೋಡೆಮ್ಮಿನ ನೆನಪನ್ನೆಲ್ಲ ಅಳಿಸಿ, ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆ ಮಾಡುವುದು. ಮಾಡಿದೆ. ಪ್ರೋಗ್ರಾಮಿನ ಉದ್ದನೆಯ ಸಾಲನ್ನೂ ಅಳಿಸಿ ಬರೀ ಕಂಡಕ್ಟರನ ನಂಬರು ಬಿಟ್ಟೆ. "ಈಗ ಹುಟ್ಟಿದ ಮಗು ಭಾವ, ನೋಡೋಣ" ಎಂದು ಡಯಲ್ ಒತ್ತಿದೆ. ಭಾವ ಕುರ್ಚಿ ಎಳೆದುಕೊಂಡು ಕೂತರು. ಅಕ್ಕ ಬಾಗಿಲಿಗೊರಗಿ ನಿಂತಳು.

ಮೋಡೆಮ್ಮು ಬಾಯಿಬಿಟ್ಟಿತು. ಕಾರ್ಖಾನೆಯವರು ಅದನ್ನು ಮೂಕ ಮಾಡಿ ಕಳಿಸಿರಲಿಲ್ಲವಲ್ಲ. ಡಯಲ್ ಟೋನು ಗುಂಯ್ ಎಂದಿತು, ನಂಬರುಗಳು ಟಕಟಕ ಬಿದ್ದವು, ಆ ಕಡೆ ಗಂಟೆ ಹೊಡೆಯುವುದು ಕೇಳಿಸಿತು. ಭಾವ ಬೆಚ್ಚಿ ಕಿವಿಗೆ ಕೈ ಕೊಟ್ಟರು. ಆಫ್ ಮಾಡಲು ನಾನು ಕೈ ಚಾಚಿದೆ.

ಅಷ್ಟರಲ್ಲಿ ಗಂಟೆ ನಿಂತಿತು. ಹೆಂಗಸಿನ ದನಿ.

"ಹಲೋ."

ನಮ್ಮ ಮೋಡೆಮ್ಮು ಪೀಂ ಎಂದಿತು, ಸುಮ್ಮನಾಯಿತು, ಮತ್ತೆ ಪೀಂ ಎಂದಿತು.

"ಬಂದ್ರಾ? ಇವತ್ತು ತಡವಾಯ್ತಲ್ಲ. ಮಾತಾಡೋಲ್ಲ ಅಂತ ಗೊತ್ತು, ಇರಲಿ, ನಾನೇ ಆಡ್ತೀನಿ. ನೆಂಟರೆಲ್ಲ ಹೋದ್ರು. ನಿಮ್ಮ ಕಂಪ್ಯೂಟರು ಮಗಳು ತಗೊಂಡು ಹೋದ್ಲು, ಬೈಬೇಡಿ, ಹುಡುಗರಿಗೆ ಬೇಕಂತೆ. ನಿಮ್ಮ ಸೀಟಿ ಮಾತ್ರ ಯಾರಿಗೂ ಕೊಟ್ಟಿಲ್ಲ. ಆ ಪೀಂ ಪೀಂ ಒಂದು ನಿಲ್ಲಿಸ್ರೀ. ಕಿವಿ ನೋಯುತ್ತೆ."

ನನ್ನ ಕೈ ಅಲ್ಲೇ ನಿಂತಿತು. ಇಷ್ಟು ದಿನ ನಾವು ಡಯಲ್ ಮಾಡಿದಾಗಲೆಲ್ಲ ಆ ಕಡೆ ಫೋನೆತ್ತಿದ್ದು ಇವಳು. ನೋ ಕ್ಯಾರಿಯರ್ ಎಂದು ನಾವು ಓದಿದ್ದು ಇದನ್ನು. ಪೋರ್ಟಿನ ವೇಗವೂ ಸರಿಯಿತ್ತು, ಕಾರ್ಡೂ ಸರಿಯಿತ್ತು, ಕೇಬಲ್ಲೂ ಸರಿಯಿತ್ತು.

ಅಕ್ಕ "ನಿಲ್ಸೋ, ನಿಲ್ಸೋ ಅದನ್ನ" ಎಂದು ಓಡಿಬಂದಳು. ಭಾವ ಅವಳಿಗಿಂತ ಮುಂಚೆ ಎದ್ದು ಪಕ್ಕದಲ್ಲಿದ್ದ ಫೋನಿನ ರಿಸೀವರ್ ಎತ್ತಿಬಿಟ್ಟರು. ಎತ್ತಿ ಕಿವಿಗೆ ಹಿಡಿದರು, ಆಮೇಲೆ ಅದರ ಕೆಳತುದಿಯನ್ನು ಕುತ್ತಿಗೆಯ ತೂತಿನ ಹತ್ತಿರ ತಂದರು. ಅವರ ಉಸಿರು ಸುಯ್ಯೆಂದು ಹೋಗಿಬರುವುದು ನನಗೇ ಕೇಳಿಸುತ್ತಿತ್ತು. ಪರದೆಯ ಮೇಲೆ ನೋ ಕ್ಯಾರಿಯರ್ ಮೂಡಿ ಮೋಡೆಮ್ಮು ಲೈನು ಬಿಟ್ಟಿತು. ಆ ಹೆಂಗಸು ಬಿಡಲಿಲ್ಲ. ಅಕ್ಕನೂ ನಾನೂ ರಿಸೀವರಿನ ಹತ್ತಿರಕ್ಕೆ ತಲೆ ತಂದೆವು.

ಆ ಕಡೆಯ ದನಿ ಬದಲಾಯಿತು.

"ಯಾರು ನೀವು? ಅವರ ಥರದವರೇ ಅಲ್ವಾ? ಈ ಉಸಿರು ನನಗೆ ಗೊತ್ತು. ಅವರು ಆಸ್ಪತ್ರೆಯಿಂದ ಫೋನು ಮಾಡಿದಾಗ ತಟ್ಟಿ ಹೇಳೋರು. ಬಸ್ಸಿನ ಲೆಕ್ಕ. ಎರಡು ತಟ್ಟಿದ್ರೆ ಹೌದು, ರೈಟ್ ಅಂತ. ಒಂದು ತಟ್ಟಿದ್ರೆ ಇಲ್ಲ. ನಿಮಗೂ ಗಂಟಲು ತೆಗೆದಿದಾರಾ?"

ಭಾವ ಉಗುರಿನಲ್ಲಿ ಎರಡು ಸಲ ತಟ್ಟಿದರು.

"ಮಾರ್ಕೆಟ್ಟಿನವರಾ? ಮೈಕು ಅಂತಾರಲ್ಲ, ಅವರಾ?"

ಎರಡು ಸಲ.

"ಅಯ್ಯೋ ದೇವರೇ. ನಿಮಗೆ ಹೇಳೋಕೆ ನನಗೆ ದಾರೀನೇ ಇರಲಿಲ್ಲವಲ್ಲಪ್ಪ. ಟೈಪು ಮಾಡೋಕೆ ಬರೋಲ್ಲ ನನಗೆ. ನಿಮ್ಮ ನಂಬರೂ ಗೊತ್ತಿಲ್ಲ. ಅವರು ಹೋಗಿ ತಿಂಗಳು ಆಗ್ತಾ ಬಂತು. ಫೋನು ನೀವೇ ಮಾಡ್ತಿದ್ದದ್ದಾ? ನನಗೂ ಗೊತ್ತು ಅವರಲ್ಲ ಅಂತ, ಹುಚ್ಚಿ ಅಲ್ಲ ನಾನು. ಆದ್ರೆ ಅದೇ ಹೊತ್ತಿಗೆ ಬರುತ್ತೆ, ಆ ಕಡೆ ಮಾತಿಲ್ಲ. ಇನ್ನೇನಂದ್ಕೊಳ್ಳಲಿ ಹೇಳಿ."

ಭಾವ ರಿಸೀವರನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡರು.

"ನಿಮಗೂ ಕರೆಂಟು ಕೊಡಿಸ್ಬೇಕು ಅಂದಿದಾರಂತೆ. ಅವರು ನನಗೆ ಬರೆದು ತೋರಿಸಿದ್ರು. ಕೊಡಿಸಿದ್ರಾ?"

ಒಂದು ಸಲ.

ಅಕ್ಕ ತಡೆಯಲಾರದೆ ರಿಸೀವರಿಗೆ ಬಾಯಿಕೊಟ್ಟಳು. "ಅಮ್ಮಾ, ನಾನು ಇವರ ಹೆಂಡತಿ. ನಾಳೆ ಹೋಗಬೇಕು ನಾವು. ಇವರಿಗೆ ಹೋಗು ಅಂತ ಒಂದು ಮಾತು ಹೇಳಿ. ನಿಮ್ಮನೆಯವರು ತಗೊಂಡಿದ್ರಲ್ಲ, ಒಳ್ಳೇದಾಗಿತ್ತಲ್ಲ, ಅಷ್ಟು ಹೇಳಿಬಿಡಿ." ಭಾವ ಅವಳನ್ನು ತಳ್ಳಲಿಲ್ಲ. ಮಾತಾಡಬೇಡ ಎಂದು ಕಣ್ಣು ಬಿಡಲೂ ಇಲ್ಲ. ಆ ಕಡೆಯ ಉತ್ತರ ಅವರಿಗೂ ಬೇಕಿತ್ತು.

"ಏನಮ್ಮ ಹೇಳಲಿ?" ಎಂದಳು ಆ ಹೆಂಗಸು. "ತಗೊಂಡ್ರು. ಆಮೇಲೆ ನೀರೂ ಇಳೀತಿರಲಿಲ್ಲ. ಮಲಗಿದ ಕಡೆಯಿಂದ ಏಳೋಕಾಗ್ತಿರಲಿಲ್ಲ. ಮಧ್ಯಾಹ್ನ ಆಯ್ತು ಅಂದ್ರೆ ಮಾತ್ರ ಕೈ ಮಾಡೋರು, ಕೂರಿಸು ಅಂತ. ಬೆನ್ನಿಗೆ ದಿಂಬು ಕೊಟ್ಟು ಆ ಯಂತ್ರದ ಮುಂದೆ ಕೂರಿಸ್ತಿದ್ದೆ. ಕುಟ್ಟುತ್ತಾ ನಗೋರು. ಏನು ಬರೀತೀರಿ ಅಂದ್ರೆ, ಮೈಕಿಗೆ ಧೈರ್ಯ ಹೇಳ್ತಿದೀನಿ ಅಂತ ತೋರಿಸೋರು. ಮುಗಿಸಿ ಮತ್ತೆ ಒರಗಿಬಿಡೋರು. ಸುಳ್ಳು ಹೇಳು ಅಂದ್ರೆ ಹೇಳ್ತೀನಮ್ಮ. ಆದ್ರೆ ಅವರು ಹೇಳಿದ್ದೇ ಸಾಕಷ್ಟಿದೆಯಲ್ಲ."

"ಎಲ್ಲರಿಗೂ ಹಾಗಾಗೋಲ್ಲ ಅಂತ ಡಾಕ್ಟರು..." ಅಕ್ಕನ ದನಿ ಉಡುಗಿತು.

"ಆಗೋಲ್ಲಮ್ಮ, ಎಲ್ಲರಿಗೂ ಹಾಗೇ ಆಗೋಲ್ಲ. ನಾನು ಯಾರು ಹೋಗು ಬೇಡ ಅನ್ನೋಕೆ? ಅಪ್ಪಾ, ಕೇಳಿಸ್ಕೊಳ್ತಿದೀರಾ? ಅವರಿಗೆ ನೀವು ಅಂದ್ರೆ ಜೀವ. ಒಂದು ಮಾತು, ಬೇಜಾರು ಮಾಡ್ಕೋಬೇಡಿ. ನಾಳೆಯಿಂದ ಫೋನು ಮಾಡ್ಬೇಡಿ. ಮಾತಿಲ್ಲದ ಫೋನು ಇನ್ನು ನನ್ನ ಕೈಲಿ ಎತ್ತೋಕಾಗೋಲ್ಲ. ಲೈನು ತೆಗೆಸ್ಬಿಡ್ತೀನಿ."

ಭಾವ ಎರಡು ಸಲ ತಟ್ಟಿದರು. ರಿಸೀವರನ್ನು ಮಗುವನ್ನು ಮಲಗಿಸುವ ಹಾಗೆ ನಿಧಾನಕ್ಕೆ ಕೆಳಗಿಟ್ಟರು. ಹೋಗಿ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಅಕ್ಕ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು. ಅಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು, ಮತ್ತೆ ಎದ್ದಳು.

"ಯಾಕೋ ಸರಿ ಮಾಡಿದೆ?" ಎಂದಳು. "ಕೆಟ್ಟಿದ್ದಾಗಲೇ ಚೆನ್ನಾಗಿತ್ತಲ್ಲೋ. ನಾಳೆ ಸರಿಹೋಗುತ್ತೆ, ನಾಡಿದ್ದು ಸರಿಹೋಗುತ್ತೆ ಅಂತ ಕಾಯ್ತಾದ್ರೂ ಇದ್ರು. ಆಗೋಲ್ಲ, ಸತ್ತುಹೋಗಿದೆ ಈ ಡಬ್ಬ, ಕಂಡಕ್ಟರು ಹೋಗು ಅಂದಿದಾನೆ ಅಂದ್ಕೊಂಡು ಹೋಗಿ ಅಂತ ಒಂದು ಮಾತು ಹೇಳೋಕೆ ನಿನಗೆ ಬಾಯಿ ಬರಲಿಲ್ವಾ?"

"ಅಕ್ಕ, ನೀನೇ ಅಲ್ವಾ ಹೆಂಗಾದ್ರೂ ಸೇರಿಸು ಅಂದಿದ್ದು."

"ನಾನಂದೆ. ನಾನಂದೆ ಕಣೋ." ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಒಳಗಿರುವವರಿಗೆ ಅಳು ಕೇಳಬಾರದಲ್ಲ.

ಅವತ್ತು ರಾತ್ರಿ ನಾನು ಅಲ್ಲೇ ಉಳಿದೆ. ಬೆಳಿಗ್ಗೆ ಅಕ್ಕ ಏನೂ ಆಗಿಲ್ಲವೆನ್ನುವ ಹಾಗೆ ಎದ್ದು ಬ್ಯಾಗು ತುಂಬಿದಳು. ಎರಡು ಜೊತೆ ಬಟ್ಟೆ, ಕುತ್ತಿಗೆಗೆ ಕಟ್ಟುವ ತೆಳು ಬಟ್ಟೆಯ ತುಂಡುಗಳು, ಸ್ಲೇಟು ಒರೆಸುವ ಸ್ಪಂಜು. ಒಗೆದ ಅಂಗಿಯನ್ನು ಕುರ್ಚಿಗೆ ಹಾಕಿ "ಏಳ್ರೀ, ಹೊತ್ತಾಯ್ತು" ಎಂದಳು. ಭಾವ ಎದ್ದು ಮುಖ ತೊಳೆದರು. ಅಕ್ಕ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಎಷ್ಟು ಆಸೆಯಿತ್ತೆಂದರೆ ನಾನು ತಲೆ ತಗ್ಗಿಸಿದೆ.

ಭಾವ ಅಂಗಿಯನ್ನು ಮುಟ್ಟಲಿಲ್ಲ. ಕಂಪ್ಯೂಟರಿನ ಹತ್ತಿರ ಹೋಗಿ ಮೋಡೆಮ್ಮಿನ ವೈರುಗಳನ್ನು ಒಂದೊಂದಾಗಿ ಕಿತ್ತು, ನೀಟಾಗಿ ಸುತ್ತಿ, ನನ್ನ ಕೈಗೆ ಕೊಟ್ಟರು. ಸ್ಲೇಟಿನ ಮೇಲೆ ಬರೆದರು: 'ಅಂಗಡಿಗೆ ತಗೊಂಡು ಹೋಗು. ಯಾರಿಗಾದ್ರೂ ಬೇಕಾಗುತ್ತೆ.'

"ಭಾವ, ಕಾರು ಬರೋ ಹೊತ್ತಾಯ್ತು. ಅವನ ದೇಹ ಬೇರೆ, ನಿಮ್ಮ ದೇಹ ಬೇರೆ. ಅವನಿಗೆ ಆಗಲಿಲ್ಲ ಅಂತ..."

ಅವರು ಕೈ ಎತ್ತಿ ನನ್ನ ಮಾತು ನಿಲ್ಲಿಸಿದರು. ಸಿಟ್ಟಿರಲಿಲ್ಲ. ಹರಾಜಿನಲ್ಲಿ ಮಾಲು ಬಿಟ್ಟಾಯಿತು, ಇನ್ನು ಕೂಗಿ ಸುಖವಿಲ್ಲ ಎನ್ನುವಾಗ ಹೀಗೇ ಕೈ ಎತ್ತುತ್ತಿದ್ದರು. ಬರೆದದ್ದನ್ನು ಅಂಗೈಯಲ್ಲಿ ಒರೆಸಿ ಇನ್ನೊಂದು ಸಾಲು ಬರೆದರು. ಅದನ್ನು ನನಗಲ್ಲ, ಅಕ್ಕನಿಗೆ ತೋರಿಸಿದರು. 'ಅವನು ಹೇಳಿಕೊಡ್ತೀನಿ ಅಂದಿದ್ದ. ಒಬ್ಬನೇ ನನ್ನ ಕೈಲಾಗೋಲ್ಲ ಕಣೇ.'

"ನಾನಿಲ್ವಾ? ನಾನು ಸತ್ತಿದೀನಾ?" ಎಂದಳು ಅಕ್ಕ.

ಭಾವ ಅವಳನ್ನು ನೋಡಿದರು. ಅವಳ ಕುತ್ತಿಗೆಯನ್ನು ನೋಡಿದರು, ಮಾತಾಡುವಾಗ ಉಬ್ಬಿ ಇಳಿಯುವ ಜಾಗವನ್ನು. ಅವಳ ತಲೆಯ ಮೇಲೆ ಒಂದು ಕ್ಷಣ ಕೈಯಿಟ್ಟು ಮತ್ತೆ ಮಂಚಕ್ಕೆ ಹೋದರು.

ಗೇಟಿನಲ್ಲಿ ಬಾಡಿಗೆ ಕಾರು ಬಂದು ಹಾರ್ನು ಹೊಡೆಯಿತು. ಭಾವ ಹೊರಳಲಿಲ್ಲ. ಮತ್ತೊಂದು ಸಲ ಹೊಡೆಯಿತು. ಅಕ್ಕ ಬ್ಯಾಗನ್ನು ಹೊಸಿಲಿನವರೆಗೆ ಎತ್ತಿಕೊಂಡು ಹೋದಳು, ಅಲ್ಲೇ ಇಟ್ಟಳು. ಬರಿಗೈಯಲ್ಲಿ ಗೇಟಿಗೆ ನಡೆದಳು. ನಾನು ಮೋಡೆಮ್ಮು ಹಿಡಿದುಕೊಂಡು ಜಗಲಿಯ ಮೇಲೆ ನಿಂತಿದ್ದೆ.

"ಏನಕ್ಕ, ಬರ್ತೀರೋ ಇಲ್ವೋ? ಆಸ್ಪತ್ರೆ ರೋಡಲ್ಲಿ ಆಮೇಲೆ ಗಾಡಿ ನುಗ್ಗೋಕಾಗೋಲ್ಲ" ಎಂದ ಡ್ರೈವರು.

"ಇಲ್ಲಪ್ಪ. ಹೋಗು ನೀನು."

"ಯಾಕಕ್ಕ, ಹುಷಾರಾಗಿಬಿಟ್ರಾ ಅವರು?"

ಅಕ್ಕ ಗೇಟಿನ ಚಿಲಕ ಹಿಡಿದುಕೊಂಡು ನಿಂತಿದ್ದಳು.

"ಹೂಂ" ಎಂದಳು.

"ಒಳ್ಳೇದಾಯ್ತು ಬಿಡಿ" ಎಂದು ಅವನು ಕಾರು ತಿರುಗಿಸಿಕೊಂಡ.